ದೊಡ್ಡ ಡಬ್ಬಿಗಿಂತ ಮೊದಲು ಸಣ್ಣ ಬಾಟಲಿ: ಮುಟ್ಟು ನಿಲ್ಲುವ ಮುನ್ನ ಗರ್ಭಕೋಶದ ಒಳಪದರದ ಕಾಳಜಿ

ಕಲಬುರಗಿಯ ಒಂದು ಪ್ಯಾಥಾಲಜಿ ಲ್ಯಾಬಿನಲ್ಲಿ ನಾನು 19 ವರ್ಷಗಳಿಂದ ಟೆಕ್ನಿಷಿಯನ್. ನಮ್ಮ ಮೇಜಿಗೆ ಗರ್ಭಕೋಶ ಎರಡು ರೂಪದಲ್ಲಿ ಬರುತ್ತದೆ. ಒಂದು, ಹೆಬ್ಬೆರಳುದ್ದದ ಬಾಟಲಿಯಲ್ಲಿ ಜೋಳದ ನುಚ್ಚಿನಂತಹ ನಾಲ್ಕಾರು ಚೂರು. ಇನ್ನೊಂದು, ಉಪ್ಪಿನಕಾಯಿ ಡಬ್ಬಿಯಂತಹ ದೊಡ್ಡ ಡಬ್ಬಿಯಲ್ಲಿ ಇಡಿಯ ಗರ್ಭಕೋಶ. ದೊಡ್ಡ ಡಬ್ಬಿಯ ಜೊತೆ ಬರುವ ಫಾರಂನಲ್ಲಿ ಹಿಂದಿನ ಬಯಾಪ್ಸಿ (ಒಳಪದರದ ಚೂರು ತೆಗೆದು ನೋಡುವ ಪರೀಕ್ಷೆ) ವರದಿಗೆಂದು ಒಂದು ಸಾಲು ಬಿಟ್ಟಿರುತ್ತದೆ. ವಯಸ್ಸಿನ ಜಾಗದಲ್ಲಿ 36, 38, 41 ಎಂದಿದ್ದು, ಆ ಸಾಲು ಮಾತ್ರ ಖಾಲಿ ಇದ್ದಾಗ ನನಗೆ ಇವತ್ತಿಗೂ ಕೈ ತಡೆಯುತ್ತದೆ. ಸಣ್ಣ ಬಾಟಲಿ ಬಾರದೆ ದೊಡ್ಡ ಡಬ್ಬಿ ಏಕೆ ಬಂತು?

ನಮ್ಮ ಮನೆಯಲ್ಲೇ ಹೀಗೆ ಆಗುವುದರಲ್ಲಿತ್ತು. ನನ್ನ ವೈನಿಗೆ (ಅಣ್ಣನ ಹೆಂಡತಿಗೆ) ಆಗ 37 ವರ್ಷ, ಎತ್ತರ 152 ಸೆಂ.ಮೀ., ತೂಕ 78 ಕಿಲೊ. ಎರಡು ಮೂರು ತಿಂಗಳು ಮುಟ್ಟೇ ಇಲ್ಲ, ಆಮೇಲೆ ಹದಿನೈದು ದಿನ ಬಿಡದೆ ಹೋಗುವುದು. ಒಂದು ಕಡೆ ತೋರಿಸಿದರೆ "ಇನ್ನೂ ಸಣ್ಣ ವಯಸ್ಸು, ಏನೂ ಆಗಿರುವುದಿಲ್ಲ" ಎಂದು ಗುಳಿಗೆ ಕೊಟ್ಟು ಕಳುಹಿಸಿದರು. ಒಂದು ವರ್ಷ ಹಾಗೇ ಕಳೆಯಿತು. ಇನ್ನೊಂದು ಕಡೆ ಹೋದಾಗ ಸ್ಕ್ಯಾನಿಂಗ್ ಕಾಗದ ನೋಡಿದ್ದೇ ತಡ, "ಮಕ್ಕಳಾಗಿವೆಯಲ್ಲ, ಚೀಲ ತೆಗೆಸಿಬಿಡಿ" ಎಂದರು. ಒಬ್ಬರು ವಯಸ್ಸನ್ನಷ್ಟೇ ನೋಡಿದರು, ಇನ್ನೊಬ್ಬರು ಮಕ್ಕಳನ್ನಷ್ಟೇ ಎಣಿಸಿದರು. ತೂಕವನ್ನು ಯಾರೂ ನೋಡಲಿಲ್ಲ, ಒಳಪದರದ ಒಂದು ಚೂರನ್ನೂ ಯಾರೂ ಪರೀಕ್ಷೆಗೆ ಕಳುಹಿಸಲಿಲ್ಲ.

ನಾನು ವೈದ್ಯಳಲ್ಲ. ಔಷಧಿ ಬರೆದುಕೊಡುವುದು ನನ್ನ ಕೆಲಸವೂ ಅಲ್ಲ. ಆದರೆ ಯಾವ ಹೊತ್ತಿಗೆ ಏನು ಕೇಳಬೇಕು, ಬಾಟಲಿಯನ್ನು ಹೇಗೆ ಒಯ್ಯಬೇಕು, ವರದಿಯ ಯಾವ ಪದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಈ ಮೇಜಿನ ಮುಂದೆ ನಿಂತು ಕಲಿತಿದ್ದೇನೆ.

ತೂಕಕ್ಕೂ ಗರ್ಭಕೋಶಕ್ಕೂ ಏನು ಸಂಬಂಧ

ತೊಗರಿ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಮಳೆ ಬೀಳುತ್ತಲೇ ಇದ್ದರೆ ತೊಗರಿ ಎದೆಯೆತ್ತರ ಬೆಳೆದು ಬರೀ ಎಲೆಯಾಗುತ್ತದೆ, ಕಾಯಿ ಕಟ್ಟುವುದಿಲ್ಲ. ಗರ್ಭಕೋಶದ ಒಳಪದರಕ್ಕೆ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಮಳೆಯಿದ್ದಂತೆ, ಅದು ಪದರವನ್ನು ಬೆಳೆಸುತ್ತದೆ. ತಿಂಗಳ ನಡುವೆ ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರಾನ್ ಆ ಬೆಳೆಯನ್ನು ಮಾಗಿಸುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಳಿದು ಪದರ ಕಳಚಿ ಬೀಳುತ್ತದೆ. ಅದೇ ಮುಟ್ಟು, ಒಂದು ರೀತಿಯಲ್ಲಿ ತಿಂಗಳ ರಾಶಿ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಇರುವುದಿಲ್ಲ. ಮಳೆ ಮಾತ್ರ ನಡೆದೇ ಇರುತ್ತದೆ. ಪದರ ದಪ್ಪವಾಗುತ್ತ ಹೋಗಿ, ಕೊನೆಗೆ ತನ್ನ ಭಾರಕ್ಕೆ ತಾನೇ ಅಲ್ಲಲ್ಲಿ ಕುಸಿಯುತ್ತದೆ. ಮೂರು ತಿಂಗಳು ಇಲ್ಲದೆ ಆಮೇಲೆ ಹದಿನೈದು ದಿನ ಹೋಗುವುದು ಇದರಿಂದಲೇ.

ಇಲ್ಲಿ ಕೊಬ್ಬು ಹೇಗೆ ಬಂತು? ಮೈಯ ಕೊಬ್ಬು ಸುಮ್ಮನೆ ಕುಳಿತ ಗಂಟಲ್ಲ. ಅದರಲ್ಲಿ ಅರೊಮಟೇಸ್ ಎಂಬ ಕಿಣ್ವವಿದೆ. ಹೆಣ್ಣಿನ ದೇಹದಲ್ಲೂ ಇರುವ ಪುರುಷ ಹಾರ್ಮೋನುಗಳನ್ನು ಅದು ಈಸ್ಟ್ರೊಜೆನ್ ಆಗಿ ಬದಲಾಯಿಸುತ್ತದೆ. ಕೊಬ್ಬು ಹೆಚ್ಚಾದಷ್ಟೂ ಅಂಡಾಶಯದ ಹೊರಗೆ ತಯಾರಾಗುವ ಈಸ್ಟ್ರೊಜೆನ್ ಹೆಚ್ಚು. ಜೊತೆಗೆ ಇನ್ಸುಲಿನ್ ಕೂಡ ಏರುತ್ತದೆ, ಅಂಡ ಬಿಡುಗಡೆ ತಪ್ಪುತ್ತದೆ. ಹೀಗೆ ಮಳೆ ಎರಡು ಕಡೆಯಿಂದ ಬರುತ್ತದೆ, ಮಾಗಿಸುವ ಬಿಸಿಲು ಬರುವುದಿಲ್ಲ.

ವಯಸ್ಸಿನ ಪಾತ್ರ ಬೇರೆ. 40 ದಾಟಿದ ಮೇಲೆ ತೂಕ ಎಷ್ಟೇ ಇರಲಿ, ಅಂಡ ಬಿಡುಗಡೆ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪತೊಡಗುತ್ತದೆ. ವರ್ಷಗಳು ಕಳೆದಂತೆ ಜೀವಕೋಶಗಳಲ್ಲಿ ತಪ್ಪುಗಳೂ ಸೇರಿಕೊಳ್ಳುತ್ತವೆ. ಅದಕ್ಕೇ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಹುಪಾಲು ಮುಟ್ಟು ನಿಂತ ಮೇಲೆ ಕಾಣುತ್ತದೆ. ಮುಟ್ಟಿರುವಾಗಲೇ ಕಾಣಿಸಿಕೊಳ್ಳುವುದು ಕಡಿಮೆ. ಕಾಣಿಸಿಕೊಂಡವರಲ್ಲಿ ಸ್ಥೂಲಕಾಯ, ಪಿಸಿಒಡಿ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ಅಂಡಾಶಯದ ತೊಂದರೆ), ಸಕ್ಕರೆ ಕಾಯಿಲೆ ಇರುವವರು ಹೆಚ್ಚು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ರಕ್ತಸ್ರಾವದ ತೊಂದರೆಯಿದ್ದ, ಮುಟ್ಟು ನಿಲ್ಲುವ ವಯಸ್ಸು ಇನ್ನೂ ತಲುಪದ 900ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಮತ್ತು ಅದಕ್ಕಿಂತ ಮೇಲಿದ್ದವರಲ್ಲಿ ಒಳಪದರದ ಗಂಭೀರ ಅತಿಬೆಳವಣಿಗೆ ಅಥವಾ ಕ್ಯಾನ್ಸರ್ ಸಿಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಬಯಾಪ್ಸಿ ಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ವಯಸ್ಸಿಗಿಂತ ತೂಕಕ್ಕೇ ಹೆಚ್ಚು ಬೆಲೆ ಕೊಡಬೇಕು ಎಂಬುದು ಆ ಅಧ್ಯಯನದವರ ಮಾತು. ನಾಲ್ಕು ಪಟ್ಟು ಎಂದು ಓದಿ ಎದೆ ಹೊಡೆದುಕೊಳ್ಳಬೇಡಿ. ಹಾಗೆ ಪರೀಕ್ಷೆಗೆ ಬಂದ ಎಲ್ಲರಲ್ಲಿ ಗಂಭೀರವಾದದ್ದು ಸಿಕ್ಕಿದ್ದು ನೂರಕ್ಕೆ ಐದು ಜನರಿಗೆ. ಉಳಿದವರ ರಕ್ತಸ್ರಾವಕ್ಕೆ ಬೇರೆ ಕಾರಣಗಳಿದ್ದವು.

ಮೊದಲ ಹೆಜ್ಜೆ: ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ತಂದ ದಿನ ಎಲ್ಲವೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇರುತ್ತದೆ. ಮುಟ್ಟಿನ ದಿನ ಮಾತ್ರ ಇರುವುದಿಲ್ಲ. ಗಂಡಸರ ಕಣ್ಣಿಗೆ ಬೀಳುತ್ತದೆ ಎಂಬ ಸಂಕೋಚವಿದ್ದರೆ ಒಂದು ಚುಕ್ಕೆ ಸಾಕು. ಶುರುವಾದ ದಿನ ಒಂದು ಚುಕ್ಕೆ, ನಿಂತ ದಿನ ಇನ್ನೊಂದು, ಹೆಚ್ಚು ಹೋದ ದಿನ ಎರಡು. ಮೂರು ತಿಂಗಳು ಹೀಗೆ ಗುರುತು ಹಾಕಿ.

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ 24ರಿಂದ 38 ದಿನ ಇದ್ದರೆ ಸರಿ. ರಕ್ತ ಹೋಗುವುದು 8 ದಿನಗಳ ಒಳಗೆ ನಿಲ್ಲಬೇಕು. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದು ಹೋಗುವುದು, ರಾತ್ರಿ ಎದ್ದು ಬದಲಾಯಿಸಬೇಕಾಗುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳು ಬೀಳುವುದು, ಎರಡು ಮುಟ್ಟುಗಳ ನಡುವೆ ಅಥವಾ ಗಂಡನೊಡನೆ ಸೇರಿದ ಮೇಲೆ ರಕ್ತ ಕಾಣುವುದು, ಇವೆಲ್ಲ ವೈದ್ಯರಿಗೆ ಹೇಳಬೇಕಾದ ಸಂಗತಿಗಳು. ಬಟ್ಟೆ ಬಳಸುವವರು ದಿನಕ್ಕೆ ಎಷ್ಟು ಬಾರಿ ಬದಲಾಯಿಸಿದಿರಿ ಎಂದು ಬರೆದಿಡಿ.

ಬಹಳ ಜನ ತಪ್ಪುವುದು ಇನ್ನೊಂದು ಕಡೆ. ಮೂರು ತಿಂಗಳು ಮುಟ್ಟು ಬಾರದಿದ್ದರೆ ಸಂತೋಷಪಡುತ್ತಾರೆ. ಶ್ರಾವಣದ ಪೂಜೆಗೆ, ಮಗಳ ಮದುವೆಗೆ, ಶರಣಬಸವೇಶ್ವರರ ಜಾತ್ರೆಗೆ ಹೊರಗಾಗುವ ಕಾಟ ತಪ್ಪಿತು ಎನ್ನುವವರನ್ನು ಕಂಡಿದ್ದೇನೆ. ಹಬ್ಬಕ್ಕೆಂದು ಅಂಗಡಿಯಿಂದ ಗುಳಿಗೆ ತಂದು ಮುಂದೂಡುವವರ ಕ್ಯಾಲೆಂಡರಿನಲ್ಲಂತೂ ಯಾವ ತಿಂಗಳು ನಿಜ, ಯಾವುದು ಗುಳಿಗೆಯದು ಎಂದು ತಿಳಿಯುವುದೇ ಇಲ್ಲ, ಅದನ್ನೂ ಬರೆದಿಡಿ. ಒಳಪದರಕ್ಕೆ ಅಪಾಯ ಕೂಡುವುದು ಮುಟ್ಟಿಲ್ಲದ ಆ ತಿಂಗಳುಗಳಲ್ಲೇ. 45 ದಾಟಿದವರು "ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತದೆ" ಎಂಬ ಓಣಿಯ ಮಾತಿಗೆ ತಲೆಯಾಡಿಸುತ್ತ ಕೂರಬೇಡಿ. ನಿಲ್ಲುವ ಕಾಲದಲ್ಲಿ ಮುಟ್ಟು ದೂರದೂರವಾಗುತ್ತ, ಕಡಿಮೆಯಾಗುತ್ತ ಹೋದರೆ ಸಹಜ. ಹೆಚ್ಚಾದರೆ ತೋರಿಸಬೇಕು.

ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ಹೋದರೆ, ತಲೆ ಸುತ್ತಿದರೆ, ಎದೆ ಢವಗುಟ್ಟಿದರೆ ಕ್ಯಾಲೆಂಡರ್ ಬದಿಗಿಟ್ಟು 108ಕ್ಕೆ ಕರೆ ಮಾಡಿ.

ಎರಡನೆಯ ಹೆಜ್ಜೆ: ದರ್ಜಿಯ ಟೇಪು

ತೂಕ ನೋಡುವ ಯಂತ್ರ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಕಿಲೊಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬಿಎಂಐ ಸಿಗುತ್ತದೆ. ಲೆಕ್ಕ ಬೇಸರವಾದರೆ ಇದನ್ನು ನೆನಪಿಡಿ: 150 ಸೆಂ.ಮೀ. ಎತ್ತರದವರಿಗೆ 56 ಕಿಲೊ ಎಂದರೆ ಬಿಎಂಐ 25, ಅರವತ್ತೇಳೂವರೆ ಕಿಲೊ ಎಂದರೆ 30. 155 ಸೆಂ.ಮೀ. ಇದ್ದವರಿಗೆ ಅವೇ ಗೆರೆಗಳು 60 ಮತ್ತು 72 ಕಿಲೊ. ಭಾರತೀಯರ ದೇಹದಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಕೊಬ್ಬು ಕೂಡುವುದರಿಂದ ನಮ್ಮಲ್ಲಿ 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಸ್ಥೂಲಕಾಯ ಎಂದು ಲೆಕ್ಕ ಹಿಡಿಯುತ್ತಾರೆ. ವೈನಿಯದು ಸುಮಾರು 34 ಇತ್ತು. "ಮೈ ಕೈ ತುಂಬಿಕೊಂಡು ಲಕ್ಷ್ಮಿಯ ಹಾಗಿದ್ದಾಳೆ" ಎಂದು ಬಂಧುಗಳು ಹೇಳುತ್ತಿದ್ದುದು ಅದನ್ನೇ.

ದರ್ಜಿಯ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆದುಕೊಳ್ಳಿ. 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಇಂಚು ದಾಟಿದರೆ ಬರೆದಿಡಿ.

ಇದೇ ಚೀಟಿಯಲ್ಲಿ ಇನ್ನೂ ಕೆಲವು ಸಂಗತಿ ಬರೆದುಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ, ಪಿಸಿಒಡಿ ಇದೆಯೇ, ಮಕ್ಕಳಾಗಿವೆಯೇ, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಂಡಿದ್ದೀರಾ ಎಂಬುದು ಮುಖ್ಯ. ತಾಯಿ, ಅಕ್ಕತಂಗಿಯರು, ಸೋದರತ್ತೆ, ಸೋದರಮಾವ ಇವರಲ್ಲಿ ಯಾರಿಗಾದರೂ ಗರ್ಭಕೋಶ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತೇ ಎಂದು ವಿಚಾರಿಸಿ. ಕರುಳಿನದೇಕೆ ಎನ್ನಬೇಡಿ, ಈ ಎರಡೂ ಒಂದೇ ಕುಟುಂಬದಲ್ಲಿ ಚಿಕ್ಕ ವಯಸ್ಸಿಗೆ ಹರಿದು ಬರುವ ಆನುವಂಶಿಕ ತೊಂದರೆಯೊಂದಿದೆ. ಹೀಗಿದ್ದರೆ ತೆಳ್ಳಗಿರುವವರೂ ಎಚ್ಚರದಿಂದಿರಬೇಕು.

ಮೂರನೆಯ ಹೆಜ್ಜೆ: ವೈದ್ಯರ ಮುಂದೆ ಎರಡು ನಿಮಿಷ

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಎಲ್ಲ ಕಡೆಯೂ ಸ್ತ್ರೀರೋಗ ವಿಭಾಗವಿದೆ. ಸರತಿ ಉದ್ದವಿರುತ್ತದೆ, ಒಳಗೆ ಸಿಗುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ "ಬಹಳ ಹೋಗುತ್ತದೆ ಡಾಕ್ಟರೇ" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಚೀಟಿಯನ್ನು ಮೇಜಿನ ಮೇಲಿಡಿ. ವಯಸ್ಸು, ತೂಕ, ಎತ್ತರ, ಮೂರು ತಿಂಗಳ ದಿನಾಂಕ. ಆಮೇಲೆ ಒಂದೇ ಪ್ರಶ್ನೆ: "ನನಗೆ ಒಳಪದರದ ಬಯಾಪ್ಸಿ ಬೇಕೇ? ಬೇಡವೆಂದರೆ ಏಕೆ ಬೇಡ?"

ಅಮೆರಿಕದ ಸ್ತ್ರೀರೋಗ ತಜ್ಞರ ಸಂಘವು ಅಸಹಜ ರಕ್ತಸ್ರಾವವಿರುವ 45 ದಾಟಿದವರಿಗೆ ಬಯಾಪ್ಸಿ ಹೇಳುತ್ತದೆ. ನಮ್ಮ ದೇಶದ ತಜ್ಞರ ಒಕ್ಕೂಟದ ಮಾರ್ಗಸೂಚಿ 40ಕ್ಕೇ ಹೇಳುತ್ತದೆ. ಸ್ಥೂಲಕಾಯ, ಪಿಸಿಒಡಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅಥವಾ ಔಷಧಿಗೆ ರಕ್ತ ನಿಲ್ಲದವರಿಗೆ ಈ ವಯಸ್ಸಿನ ಗೆರೆ ಅಡ್ಡಿಯಲ್ಲ, ಅದಕ್ಕಿಂತ ಮೊದಲೇ ಮಾಡಬೇಕು. ಆದ್ದರಿಂದ 34ರ ವಯಸ್ಸು, 80 ಕಿಲೊ ತೂಕ, ಆರು ತಿಂಗಳ ಏರುಪೇರು ಇರುವ ಹೆಣ್ಣುಮಗಳಿಗೆ "ಸಣ್ಣ ವಯಸ್ಸು" ಎಂಬುದು ಪೂರ್ತಿ ಉತ್ತರವಲ್ಲ.

ಬಯಾಪ್ಸಿಗೆ ಮೊದಲು ಗರ್ಭ ನಿಂತಿದೆಯೇ ಎಂಬ ಪರೀಕ್ಷೆ ಆಗಲೇಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡುತ್ತಾರೆ, ಗರ್ಭಕೊರಳನ್ನೂ ಪರೀಕ್ಷಿಸುತ್ತಾರೆ. ಸ್ಕ್ಯಾನಿಂಗಿನಲ್ಲಿ ಗಡ್ಡೆ, ಪಾಲಿಪ್ (ಒಳಪದರದಿಂದ ಜೋತುಬೀಳುವ ಮೆತ್ತನೆಯ ಬೆಳವಣಿಗೆ), ಗೋಡೆಯ ಊತ ಕಾಣುತ್ತದೆ. ಹೆಚ್ಚು ರಕ್ತ ಹೋಗಲು ಇವೇ ಸಾಮಾನ್ಯ ಕಾರಣಗಳು.

ಸ್ಕ್ಯಾನಿಂಗ್ ಕಾಗದದಲ್ಲಿ ಒಳಪದರ 14 ಮಿ.ಮೀ. ಎಂದು ಬಂದರೆ ಮನೆಮಂದಿಯೆಲ್ಲ ಮೊಬೈಲಿನಲ್ಲಿ ಹುಡುಕಿ ಅಳುತ್ತ ಕೂರುತ್ತಾರೆ. 4 ಮಿ.ಮೀ. ದಾಟಬಾರದು ಎಂದು ಅಲ್ಲಿ ಓದುವುದು ಮುಟ್ಟು ನಿಂತ ಮೇಲೆ ರಕ್ತ ಕಂಡವರ ಲೆಕ್ಕ. ಮುಟ್ಟಿರುವವರಲ್ಲಿ ಒಳಪದರ ತಿಂಗಳ ದಿನಕ್ಕೆ ತಕ್ಕಂತೆ ಏರುತ್ತ ಇಳಿಯುತ್ತದೆ, ಮುಟ್ಟಿಗೆ ಮುಂಚಿನ ವಾರದಲ್ಲಿ 14 ಸಹಜವಾಗಿಯೇ ಇರಬಹುದು. ಮುಟ್ಟು ಮುಗಿದ ಕೂಡಲೇ ಮಾಡಿಸಿದ ಸ್ಕ್ಯಾನಿಂಗ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದಪ್ಪ ಎಷ್ಟಿದ್ದರೂ ಆ ಪದರ ಒಳ್ಳೆಯದೋ ಕೆಟ್ಟದ್ದೋ ಎಂದು ಸ್ಕ್ಯಾನಿಂಗ್ ಹೇಳಲಾರದು, ಅದನ್ನು ಹೇಳುವುದು ಸೂಕ್ಷ್ಮದರ್ಶಕ.

ನಾಲ್ಕನೆಯ ಹೆಜ್ಜೆ: ಬಯಾಪ್ಸಿ, ಮತ್ತು ಆ ಬಾಟಲಿ

ಬಯಾಪ್ಸಿ ಎಂದರೆ ಆಪರೇಷನ್ ಎಂದು ಹೆದರುವವರೇ ಹೆಚ್ಚು. ಬಯಾಪ್ಸಿ ಮಾಡಿದರೆ ಗಂಟು ಹರಡುತ್ತದೆ ಎಂಬ ಮಾತನ್ನು ನಂಬುವವರೂ ಇದ್ದಾರೆ. ಅದು ಸುಳ್ಳು. ಸುಮಾರು 3 ಮಿ.ಮೀ. ದಪ್ಪದ ಬಳುಕುವ ಪ್ಲಾಸ್ಟಿಕ್ ಕೊಳವೆಯನ್ನು ಗರ್ಭಕೊರಳ ಮೂಲಕ ಒಳಗೆ ತೂರಿಸಿ, ಒಳಗಿನ ಕಡ್ಡಿಯನ್ನು ಹಿಂದೆಳೆದಾಗ ಪದರದ ಚೂರುಗಳು ಕೊಳವೆಗೆ ಬರುತ್ತವೆ. ಅರಿವಳಿಕೆ ಬೇಡ, ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷದ ಕೆಲಸ. ಮುಟ್ಟಿನ ಹೊಟ್ಟೆನೋವಿನಂತಹ ಹಿಂಡುವ ನೋವು ಬರುತ್ತದೆ. ಕೆಲವರಿಗೆ ಜೋರಾಗಿಯೇ ಬರುತ್ತದೆ, ಸುಳ್ಳು ಹೇಳಿ ಕಳುಹಿಸುವುದರಲ್ಲಿ ಅರ್ಥವಿಲ್ಲ. ಒಂದು ಗಂಟೆ ಮೊದಲು ನೋವಿನ ಗುಳಿಗೆ ತೆಗೆದುಕೊಳ್ಳಬಹುದೇ ಎಂದು ಮುಂಚೆಯೇ ಕೇಳಿ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಎರಡು ದಿನ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಜ್ವರ, ವಾಸನೆಯ ಸ್ರಾವ, ವಿಪರೀತ ನೋವು ಬಂದರೆ ಅದೇ ದಿನ ಮರಳಿ ಹೋಗಿ.

ಕೊಳವೆ ತೂರಿಸಲಾಗದವರಿಗೆ, ಮದುವೆಯಾಗದವರಿಗೆ, ಪಾಲಿಪ್ ಅನುಮಾನವಿರುವವರಿಗೆ ಅರಿವಳಿಕೆ ಕೊಟ್ಟು ದುರ್ಬೀನಿನಿಂದ ಒಳಗೆ ನೋಡಿ ಮಾದರಿ ತೆಗೆಯುತ್ತಾರೆ. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಪರೀಕ್ಷೆಯನ್ನೇ ಬಿಟ್ಟುಬಿಡುವುದು ನಮ್ಮಲ್ಲಿ ಆಗುತ್ತದೆ. ಮಕ್ಕಳಾಗದವರಲ್ಲಿ ಅಪಾಯ ಹೆಚ್ಚು ಎಂಬುದನ್ನು ನೆನೆದರೆ ಇದು ಎಷ್ಟು ತಲೆಕೆಳಗು ನೋಡಿ.

ಇನ್ನು ನನ್ನ ಸೀಮೆ. ನಮ್ಮ ಕಡೆ ಅನೇಕ ಆಸ್ಪತ್ರೆಗಳಲ್ಲಿ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಒಯ್ಯಲು ಹೇಳುತ್ತಾರೆ. ಸೇಡಂನಿಂದ, ಚಿಂಚೋಳಿಯಿಂದ, ಶಹಾಪುರದಿಂದ ಬಸ್ಸಿನಲ್ಲಿ ತರುತ್ತಾರೆ. ಆ ಬಾಟಲಿಯಲ್ಲಿ ಚೂರು ಕೊಳೆಯದಂತೆ ಕಾಯುವ ಫಾರ್ಮಾಲಿನ್ ದ್ರಾವಣ ಇರಬೇಕು. ಮೂಗಿಗೆ ಚುರುಗುಟ್ಟುವ ವಾಸನೆ ಅದರ ಗುರುತು, ಆದರೆ ಮುಚ್ಚಳ ತೆಗೆದು ಮೂಸಬೇಡಿ, ಅದು ವಿಷ. ಕೊಡುವವರನ್ನೇ ಕೇಳಿ. ಸಲೈನಿನಲ್ಲಿ ಹಾಕಿ ಕೊಟ್ಟ ಚೂರು ನಮ್ಮ ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ ಸಂಜೆಯೊಳಗೆ ಕೊಳೆಯುತ್ತದೆ, ಆಮೇಲೆ ಯಾವ ಪ್ಯಾಥಾಲಜಿಸ್ಟರೂ ಅದರಿಂದ ಏನನ್ನೂ ಓದಲಾರರು. ಬಾಟಲಿಯ ಮೈಮೇಲೆ ಹೆಸರಿರಬೇಕು, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ. ಫಾರಂನಲ್ಲಿ ವಯಸ್ಸು, ಹಿಂದಿನ ಮುಟ್ಟಿನ ದಿನಾಂಕ, ತೆಗೆದುಕೊಳ್ಳುತ್ತಿರುವ ಹಾರ್ಮೋನ್ ಗುಳಿಗೆಗಳ ಹೆಸರು ಇವೆಯೇ ನೋಡಿ. ಮುಟ್ಟಿನ ದಿನಾಂಕ ತಿಳಿಯದೆ ಒಳಪದರ ಓದುವುದೆಂದರೆ ತಾರೀಖು ಹರಿದುಹೋದ ದಿನಪತ್ರಿಕೆ ಓದಿದಂತೆ.

ಲ್ಯಾಬಿನಲ್ಲಿ ಆ ಚೂರನ್ನು ರಾತ್ರಿಯಿಡೀ ರಾಸಾಯನಿಕಗಳಲ್ಲಿ ಹದಮಾಡಿ, ಮೇಣದ ಇಟ್ಟಿಗೆಯಲ್ಲಿ ಹುದುಗಿಸಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾಗಿ ಕೊಯ್ದು, ನೇರಳೆ ಮತ್ತು ಗುಲಾಬಿ ಬಣ್ಣ ಹಾಕುತ್ತೇವೆ. ಇದಕ್ಕೆ ದಿನಗಳು ಬೇಕು. ಮರುದಿನವೇ ಬಂದು "ಇನ್ನೂ ಆಗಲಿಲ್ಲವೇ ಅಕ್ಕಾ" ಎನ್ನುವವರ ಆತಂಕ ಅರ್ಥವಾಗುತ್ತದೆ, ಮೇಣಕ್ಕೆ ಅರ್ಥವಾಗುವುದಿಲ್ಲ. ಆ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನು ವರ್ಷಗಟ್ಟಲೆ ಇಟ್ಟಿರುತ್ತೇವೆ. ಎರಡನೆಯ ಅಭಿಪ್ರಾಯ ಬೇಕಾದರೆ ಮತ್ತೆ ಬಯಾಪ್ಸಿ ಮಾಡಿಸುವ ಮೊದಲು, ವರದಿಯ ಮೇಲಿನ ಸಂಖ್ಯೆ ಹೇಳಿ ಇವನ್ನು ಕೇಳಿ ಪಡೆಯಬಹುದು.

ಐದನೆಯ ಹೆಜ್ಜೆ: ವರದಿ ಓದುವುದು

ಪ್ರೊಲಿಫರೇಟಿವ್ ಅಥವಾ ಸೆಕ್ರೀಟರಿ ಎಂದಿದ್ದರೆ ತಿಂಗಳ ಸಹಜ ಘಟ್ಟಗಳು, ಹೆದರುವುದೇನಿಲ್ಲ. ಡಿಸಾರ್ಡರ್ಡ್ ಪ್ರೊಲಿಫರೇಟಿವ್ ಎಂದರೆ ಮಳೆ ಹೆಚ್ಚಾಗಿದೆ, ಬೆಳೆ ಅಂಕುಡೊಂಕಾಗುತ್ತಿದೆ ಎಂದರ್ಥ.

ಹೈಪರ್‌ಪ್ಲೇಸಿಯಾ ಎಂಬ ಪದ ಕಂಡರೆ ಅದರ ಪಕ್ಕದ ಪದವನ್ನು ಹುಡುಕಿ. ಏಟಿಪಿಯಾ ಇಲ್ಲ ಎಂದಿದ್ದರೆ ಅದು ಅತಿಬೆಳವಣಿಗೆ ಮಾತ್ರ. 20 ವರ್ಷಗಳಲ್ಲಿ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ, ಔಷಧಿಗೆ ಬಹುಪಾಲು ಕರಗುತ್ತದೆ. ಏಟಿಪಿಯಾ ಇದೆ ಎಂದಿದ್ದರೆ ಮಾತು ಬೇರೆ. ಜೀವಕೋಶದ ರೂಪವೇ ಕೆಟ್ಟಿದೆ, ಪಕ್ಕದಲ್ಲೇ ಕ್ಯಾನ್ಸರ್ ಅಡಗಿರಬಹುದು, ಅದನ್ನು ತಡಮಾಡುವಂತಿಲ್ಲ. ಸಿಂಪಲ್, ಕಾಂಪ್ಲೆಕ್ಸ್ ಎಂಬ ಹಳೆಯ ಹೆಸರುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2014ರ ವರ್ಗೀಕರಣದಲ್ಲಿ ಕೈಬಿಟ್ಟಿದೆ. ಇನ್ನೂ ಹಾಗೆ ಬರೆದ ವರದಿ ಬಂದರೆ ಏಟಿಪಿಯಾ ಇದೆಯೋ ಇಲ್ಲವೋ ಎಂದು ಕೇಳಿ ತಿಳಿಯಿರಿ.

"ಮಾದರಿ ಸಾಲದು" ಎಂಬ ವರದಿಯನ್ನು "ರೋಗವಿಲ್ಲ" ಎಂದು ಓದಿಕೊಂಡು ಮನೆಗೆ ಹೋದವರನ್ನು ಕಂಡಿದ್ದೇನೆ. ನಮಗೆ ನೋಡಲು ಚೂರೇ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ, ಮತ್ತೆ ತೆಗೆಸಬೇಕು. ವರದಿ ಸಹಜವೆಂದು ಬಂದ ಮೇಲೂ ರಕ್ತ ನಿಲ್ಲದಿದ್ದರೆ ಕೂಡ ಮತ್ತೆ ನೋಡಬೇಕು, ಕೊಳವೆ ತಲುಪದ ಮೂಲೆಯಲ್ಲಿ ರೋಗವಿರಬಹುದು. ನಮ್ಮಲ್ಲಿ ಅಪರೂಪಕ್ಕೆ ಗ್ರ್ಯಾನುಲೋಮಾ ಎಂಬ ಪದ ಬರುತ್ತದೆ. ಅದು ಕ್ಷಯದ ಸುಳಿವಾಗಿರಬಹುದು, ಅದರ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಆರನೆಯ ಹೆಜ್ಜೆ: ಔಷಧಿ, ವಂಕಿ, ಮತ್ತು ಚೀಲದ ಮಾತು

ಏಟಿಪಿಯಾ ಇಲ್ಲದ ಅತಿಬೆಳವಣಿಗೆಗೆ ಮದ್ದು ಕಾಣೆಯಾದ ಪ್ರೊಜೆಸ್ಟರಾನನ್ನು ಮರಳಿ ಕೊಡುವುದು. ಗುಳಿಗೆಯಾಗಿ ಕೊಡಬಹುದು, ಇಲ್ಲವೇ ಮಿರೇನಾ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾದ ಹಾರ್ಮೋನ್ ವಂಕಿಯನ್ನು ಗರ್ಭಕೋಶದೊಳಗೆ ಇಡಬಹುದು. ಹಾರ್ಮೋನ್ ನೇರವಾಗಿ ಪದರದ ಮೇಲೆ ಬೀಳುವುದರಿಂದ ವಂಕಿಯೇ ಹೆಚ್ಚು ಫಲ ಕೊಡುತ್ತದೆ, ದಿನದಿನ ನೆನಪಿಡುವ ತಾಪತ್ರಯವೂ ಇಲ್ಲ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಚುಕ್ಕೆಚುಕ್ಕೆಯಾಗಿ ರಕ್ತ ಕಾಣುತ್ತದೆ. ಇದನ್ನು ಮೊದಲೇ ಹೇಳದ ಕಾರಣ ಎರಡೇ ತಿಂಗಳಿಗೆ ತೆಗೆಸಿ ಹಾಕಿದವರಿದ್ದಾರೆ. ಗುಳಿಗೆಯಾದರೆ ಕನಿಷ್ಠ ಆರು ತಿಂಗಳು. ರಕ್ತ ನಿಂತಿತೆಂದು ನಡುವೆ ಬಿಡುವಂತಿಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಬಯಾಪ್ಸಿ ಆಗಬೇಕು.

ಏಟಿಪಿಯಾ ಇದ್ದರೆ, ಮಕ್ಕಳ ಆಸೆ ಮುಗಿದಿದ್ದರೆ, ಗರ್ಭಕೋಶ ತೆಗೆಯುವುದೇ ಸರಿಯಾದ ಚಿಕಿತ್ಸೆ. ಮಕ್ಕಳು ಬೇಕೆನ್ನುವ ಚಿಕ್ಕ ವಯಸ್ಸಿನವರಿಗೆ ಹಾರ್ಮೋನ್ ಕೊಟ್ಟು ಕಣ್ಣಿಟ್ಟು ಕಾಯುವ ದಾರಿಯೂ ಇದೆ, ಆದರೆ ಅದನ್ನು ಕ್ಯಾನ್ಸರ್ ಅನುಭವವಿರುವ ಆಸ್ಪತ್ರೆಯಲ್ಲಿ ಮಾಡಬೇಕು. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಎಲ್ಲದಕ್ಕೂ ಬೆಂಗಳೂರು, ಹೈದರಾಬಾದ್, ಸೊಲ್ಲಾಪುರದ ಬಸ್ಸು ಹಿಡಿಯಬೇಕಿಲ್ಲ.

ಗರ್ಭಕೋಶ ತೆಗೆಯುವುದನ್ನು ನಾನು ವಿರೋಧಿಸುವವಳಲ್ಲ, ಅದು ಜೀವ ಉಳಿಸಿದ್ದನ್ನು ಕಂಡಿದ್ದೇನೆ. ಆದರೆ ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಕೆಟ್ಟ ನೆನಪಿದೆ. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಬಿಳಿಸೆರಗು, ಹೊಟ್ಟೆನೋವು, ಬೆನ್ನುನೋವಿಗೆಲ್ಲ ತೆಗೆದುಹಾಕಿದ್ದು 2015ರ ಸುಮಾರಿಗೆ ಹೊರಬಂದು, ತನಿಖೆ, ಪ್ರತಿಭಟನೆ ಎಲ್ಲವೂ ನಡೆಯಿತು. ಅವರಲ್ಲಿ ಅನೇಕರಿಗೆ 40 ತುಂಬಿರಲಿಲ್ಲ. "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂಬ ಒಂದು ಮಾತಿಗೆ ಹೊಲ, ಕುರಿ ಮಾರಿ ದುಡ್ಡು ಹೊಂದಿಸಿದವರಿದ್ದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

ಹಾಗಾಗಿ ಚೀಲದ ಮಾತು ಬಂದಾಗ ನಾಲ್ಕು ಸಂಗತಿ ಕೇಳಿ. ಬಯಾಪ್ಸಿ ವರದಿ ಏನು ಹೇಳುತ್ತದೆ? ಔಷಧಿ ಅಥವಾ ವಂಕಿ ಪ್ರಯತ್ನಿಸಿದ್ದೇವೆಯೇ? ಅಂಡಾಶಯಗಳನ್ನು ಉಳಿಸುತ್ತೀರಾ? ಒಂದು ವಾರ ತಡೆದರೆ ಏನಾಗುತ್ತದೆ? ಅಂಡಾಶಯದ ಪ್ರಶ್ನೆಯನ್ನು ಬಿಡಬೇಡಿ. 45ಕ್ಕಿಂತ ಮುಂಚೆ ಅವೂ ಹೋದರೆ ಮುಟ್ಟು ನಿಂತ ವಯಸ್ಸು ಒಂದೇ ರಾತ್ರಿಯಲ್ಲಿ ಬರುತ್ತದೆ, ಮೂಳೆ ಮತ್ತು ಹೃದಯ ಅದರ ಬೆಲೆ ತೆರುತ್ತವೆ. ಬಯಾಪ್ಸಿ ಇಲ್ಲದೆ ತೆಗೆಯುವುದರಲ್ಲಿ ಇನ್ನೊಂದು ಅಪಾಯವಿದೆ, ಇದನ್ನು ದೊಡ್ಡ ಡಬ್ಬಿಗಳಲ್ಲಿ ನಾನೇ ಕಂಡಿದ್ದೇನೆ. ತೆಗೆದ ಮೇಲೆ ಕ್ಯಾನ್ಸರ್ ಸಿಗುತ್ತದೆ. ಮೊದಲೇ ಗೊತ್ತಿದ್ದರೆ ಆ ಶಸ್ತ್ರಚಿಕಿತ್ಸೆಯನ್ನು ಬೇರೆ ರೀತಿಯಲ್ಲಿ, ಬೇರೆ ಕೈಗಳು ಮಾಡಬೇಕಿತ್ತು. ಈಗ ಎರಡನೆಯ ಸಲ ಹೊಟ್ಟೆ ಕೊಯ್ಯಬೇಕಾಗಬಹುದು.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲು ಬೇಕು. ಮುಂಗಡ ಕಟ್ಟುವ ಮುಂಚೆ ಇದನ್ನು ವಿಚಾರಿಸಿ.

ತೂಕದ ಕೆಲಸ

ಇದಕ್ಕೆ ಹೆಜ್ಜೆಯ ಸಂಖ್ಯೆ ಕೊಡಲಿಲ್ಲ, ಏಕೆಂದರೆ ಇದು ಮೊದಲ ದಿನದಿಂದ ಕೊನೆಯವರೆಗೂ ಜೊತೆಗೇ ನಡೆಯಬೇಕು. ಬಯಾಪ್ಸಿಗೆ ಬದಲಾಗಿ ಅಲ್ಲ. "ಮೊದಲು ತೂಕ ಇಳಿಸಿ ಬಾ" ಎಂದು ಬೈಸಿಕೊಂಡು, ನಾಚಿಕೆಯಿಂದ ಎರಡು ವರ್ಷ ಆಸ್ಪತ್ರೆಯ ಕಡೆ ಮುಖ ಹಾಕದವರ ಬಾಟಲಿಗಳು ನಮ್ಮಲ್ಲಿಗೆ ತಡವಾಗಿ ಬರುತ್ತವೆ.

ಒಳ್ಳೆಯ ಸುದ್ದಿಯೆಂದರೆ, ಇದ್ದ ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಅನೇಕರಿಗೆ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ. 80 ಕಿಲೊ ಇದ್ದವರಿಗೆ ಅದು 4ರಿಂದ 8 ಕಿಲೊ. ನಮ್ಮ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆಗೆ ದೋಷ ಹಚ್ಚುವಂತಿಲ್ಲ. ದೋಷ ಇರುವುದು ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯಲ್ಲಿ, ದಿನಕ್ಕೆ ಐದು ಬಾರಿಯ ಸಿಹಿ ಚಹಾದಲ್ಲಿ, ಸಂಜೆಯ ಮಿರ್ಚಿ ಭಜಿಯಲ್ಲಿ, ಎಲ್ಲರದೂ ಆದ ಮೇಲೆ "ಉಳಿದದ್ದು ಕೆಡುತ್ತದೆ" ಎಂದು ರಾತ್ರಿ ಹತ್ತಕ್ಕೆ ಹೆಂಗಸರು ತಿನ್ನುವ ಊಟದಲ್ಲಿ. ಶೇಂಗಾ ಹಿಂಡಿಯನ್ನು ಚಮಚದಲ್ಲಿ ಅಳೆದು ಹಾಕಿಕೊಳ್ಳಿ ಎಂದರೆ ನನ್ನ ಅವ್ವ ನಗುತ್ತಾಳೆ, ಆದರೂ ಹೇಳುತ್ತೇನೆ.

ನಡಿಗೆಗೆ ನಮ್ಮ ಬಿಸಿಲು ಅಡ್ಡಿ. ಮಾರ್ಚ್‌ನಿಂದ ಜೂನ್‌ವರೆಗೆ ಬೆಳಗಿನ ಏಳರೊಳಗೆ ಮುಗಿಸಬೇಕು. ಅಪ್ಪನ ಕೆರೆಯ ಸುತ್ತ ಆ ಹೊತ್ತಿಗೆ ಹೆಂಗಸರ ಗುಂಪುಗಳು ಸಿಗುತ್ತವೆ. ಹಳ್ಳಿಯಲ್ಲಿ ಒಬ್ಬರೇ ಹೆಣ್ಣುಮಗಳು ಸುಮ್ಮನೆ ನಡೆಯುತ್ತಿದ್ದರೆ ನಾಲ್ಕು ಜನ ಕೇಳುತ್ತಾರೆ. ವೈನಿ ಮೊದಲ ತಿಂಗಳು ಕೈಯಲ್ಲಿ ಒಂದು ಖಾಲಿ ಚೀಲ ಹಿಡಿದು ಹೋಗುತ್ತಿದ್ದಳು, ಯಾರಾದರೂ ಕೇಳಿದರೆ ಕಾಯಿಪಲ್ಯ ತರಲು ಎನ್ನುತ್ತಿದ್ದಳು.

ಅವಳ ಮೊದಲ ಬಾಟಲಿಯಲ್ಲಿ ಸಿಕ್ಕಿದ್ದು ಏಟಿಪಿಯಾ ಇಲ್ಲದ ಹೈಪರ್‌ಪ್ಲೇಸಿಯಾ. ವಂಕಿ ಹಾಕಿಸಿಕೊಂಡಳು, ಆರು ತಿಂಗಳಲ್ಲಿ ಐದೂವರೆ ಕಿಲೊ ಇಳಿದಳು. ಎರಡನೆಯ ಬಯಾಪ್ಸಿಯ ಬಾಟಲಿಯನ್ನು ತಾನೇ ನಮ್ಮ ಲ್ಯಾಬಿಗೆ ತಂದಿದ್ದಳು. ಹೆಸರನ್ನು ಮುಚ್ಚಳದ ಮೇಲೆ ಬರೆದಿದ್ದರು. ಅವಳು ಆಸ್ಪತ್ರೆಯಲ್ಲೇ ಪೆನ್ನು ಕೇಳಿ ಪಡೆದು, ಬಾಟಲಿಯ ಮೈಮೇಲೂ ಬರೆಸಿಕೊಂಡು ಬಂದಿದ್ದಳು.